ಲೇಸರ್ ಕೆತ್ತನೆ ಯಂತ್ರ: ಸಣ್ಣ ಉದ್ಯಮಕ್ಕೆ ಆಯ್ಕೆ, ನಿರ್ವಹಣೆ ಮತ್ತು ಪಂಚಾಯಿತಿಯ ಹೊಣೆ

ಗ್ರಾಮ ಪಂಚಾಯಿತಿಗಳ ಚುನಾಯಿತ ಸದಸ್ಯರ ಮಾಹಿತಿಗಾಗಿ

ನಾಮಫಲಕ, ನೆನಪಿನ ಕಾಣಿಕೆ, ರಬ್ಬರ್ ಮೊಹರು, ಮರದ ಆಟಿಕೆ, ಮದುವೆಯ ಆಹ್ವಾನ ಪತ್ರಿಕೆ, ಚರ್ಮದ ಕೀಲಿಗೊಂಚಲು ಮುಂತಾದ ವಸ್ತುಗಳನ್ನು ತಯಾರಿಸುವ ಸಣ್ಣ ಉದ್ಯಮಗಳಿಗೆ ಲೇಸರ್ ಕೆತ್ತನೆ ಯಂತ್ರವು ಉಪಯುಕ್ತ ಸಾಧನವಾಗಿದೆ. ಒಂದು ಕೋಣೆಯಷ್ಟು ಸ್ಥಳ, ಒಂದು ಗಣಕಯಂತ್ರ ಮತ್ತು ಕೆಲವು ವಾರಗಳ ಅಭ್ಯಾಸವಿದ್ದರೆ ಒಬ್ಬರೇ ಇದನ್ನು ನಡೆಸಬಹುದು. ಈ ಕಾರಣದಿಂದ ಗ್ರಾಮೀಣ ಯುವಕರು, ಸ್ವಸಹಾಯ ಸಂಘಗಳ ಸದಸ್ಯೆಯರು ಮತ್ತು ಕುಶಲಕರ್ಮಿಗಳು ಈ ಯಂತ್ರಕ್ಕಾಗಿ ಸಾಲ ಪಡೆಯಲು ಮುಂದಾಗುತ್ತಾರೆ. ಅನುಮತಿ, ದೃಢೀಕರಣ ಅಥವಾ ಸಲಹೆಗಾಗಿ ಅವರು ಮೊದಲು ಬರುವುದು ಗ್ರಾಮ ಪಂಚಾಯಿತಿಯ ಬಾಗಿಲಿಗೆ.

ತಮ್ಮ ಕೆಲಸಕ್ಕೆ ಒಗ್ಗದ ಯಂತ್ರವನ್ನು ಕೊಂಡವರ ಮನೆಯಲ್ಲಿ ಯಂತ್ರವು ಮೂಲೆ ಸೇರುತ್ತದೆ. ಸಾಲದ ಕಂತು ಮಾತ್ರ ತಿಂಗಳು ತಿಂಗಳೂ ತಪ್ಪದೆ ಬರುತ್ತದೆ. ಎಚ್ಚರಿಕೆಯಿಲ್ಲದೆ ನಡೆಸಿದರೆ ಕಣ್ಣು, ಶ್ವಾಸಕೋಶ ಮತ್ತು ಮನೆಗೆ ಅಪಾಯ ತಪ್ಪಿದ್ದಲ್ಲ. ಆದ್ದರಿಂದ ಸದಸ್ಯರು ಅರ್ಜಿದಾರರಿಗೆ ಸರಿಯಾದ ಪ್ರಶ್ನೆಗಳನ್ನು ಕೇಳಲು ನೆರವಾಗುವಷ್ಟು ವಿವರವನ್ನು ಇಲ್ಲಿ ನೀಡಲಾಗಿದೆ. ಇಡೀ ಲೇಖನದ ಸಾರ ಒಂದೇ: ಮೊದಲು ಗಿರಾಕಿ ಮತ್ತು ವಸ್ತು ನಿರ್ಧಾರವಾಗಬೇಕು, ಯಂತ್ರದ ಆಯ್ಕೆ ಅದರ ನಂತರ.

ಯಂತ್ರದ ಕಾರ್ಯವಿಧಾನ

ಬಿಸಿಲಿನಲ್ಲಿ ಭೂತಗನ್ನಡಿ ಹಿಡಿದು ಕಾಗದವನ್ನು ಸುಡುವ ಮಕ್ಕಳ ಆಟವನ್ನು ಎಲ್ಲರೂ ಬಲ್ಲರು. ಲೇಸರ್ ಯಂತ್ರದ ತತ್ವವೂ ಅದೇ. ಒಂದೇ ಬಣ್ಣದ, ಒಂದೇ ದಿಕ್ಕಿನಲ್ಲಿ ಸಾಗುವ ತೀವ್ರ ಬೆಳಕನ್ನು ಮಸೂರದ ಮೂಲಕ ಕೂದಲೆಳೆಯಷ್ಟು ಸಣ್ಣ ಬಿಂದುವಿಗೆ ಕೇಂದ್ರೀಕರಿಸಲಾಗುತ್ತದೆ. ಆ ಬಿಂದುವಿನಲ್ಲಿ ವಸ್ತುವು ಸುಟ್ಟು, ಕರಗಿ ಅಥವಾ ಆವಿಯಾಗಿ ಗುರುತು ಮೂಡುತ್ತದೆ. ಗಣಕಯಂತ್ರದಲ್ಲಿ ರಚಿಸಿದ ಚಿತ್ರಕ್ಕೆ ಅನುಗುಣವಾಗಿ ಬಿಂದುವು ಚಲಿಸುತ್ತದೆ. ಶಕ್ತಿಯನ್ನು ತಗ್ಗಿಸಿ ವೇಗವನ್ನು ಹೆಚ್ಚಿಸಿದರೆ ಮೇಲ್ಮೈಯಲ್ಲಿ ಕೆತ್ತನೆ. ಶಕ್ತಿಯನ್ನು ಹೆಚ್ಚಿಸಿ ವೇಗವನ್ನು ತಗ್ಗಿಸಿದರೆ ವಸ್ತುವೇ ತುಂಡಾಗುತ್ತದೆ.

ಬೆಳಕನ್ನು ಹೀರಿಕೊಳ್ಳುವ ವಸ್ತುವಿನ ಮೇಲೆ ಮಾತ್ರ ಈ ಕೆಲಸ ಸಾಧ್ಯ. ಹೀರಿಕೊಳ್ಳದ ವಸ್ತುವಿನಲ್ಲಿ ಬೆಳಕು ಹಾದುಹೋಗುತ್ತದೆ ಅಥವಾ ಪ್ರತಿಫಲಿಸುತ್ತದೆ. ಯಂತ್ರಗಳಲ್ಲಿ ಬೇರೆ ಬೇರೆ ಬಗೆಗಳಿರುವುದು ಇದೇ ಕಾರಣದಿಂದ.

ಮೂರು ಬಗೆಯ ಯಂತ್ರಗಳು

ಮೊದಲನೆಯದು ಡಯೋಡ್ ಲೇಸರ್. ಇದು ಸಾಮಾನ್ಯವಾಗಿ 450 ನ್ಯಾನೋಮೀಟರ್ ಆಸುಪಾಸಿನ ನೀಲಿ ಬೆಳಕನ್ನು ಬಳಸುತ್ತದೆ. ಮೇಜಿನ ಮೇಲೆ ಇಡಬಹುದಾದ ಈ ಯಂತ್ರಗಳು ಹತ್ತಾರು ಸಾವಿರ ರೂಪಾಯಿಗಳ ಮಟ್ಟದಲ್ಲೇ ದೊರೆಯುತ್ತವೆ. ಮರ, ತೆಳುವಾದ ಪ್ಲೈವುಡ್, ರಟ್ಟು, ಚರ್ಮ, ಕಪ್ಪು ಅಕ್ರಿಲಿಕ್ ಮತ್ತು ಬಣ್ಣ ಲೇಪಿಸಿದ ಲೋಹದ ಮೇಲೆ ಕೆಲಸ ಮಾಡುತ್ತವೆ. ಪಾರದರ್ಶಕ ಅಕ್ರಿಲಿಕ್ ಹಾಳೆಯನ್ನು ಇವು ಕತ್ತರಿಸಲಾರವು. ನೀಲಿ ಬೆಳಕು ಗಾಜಿನ ಕಿಟಕಿಯಲ್ಲಿ ಬಿಸಿಲು ಹಾದುಹೋಗುವಂತೆ ಅದರಲ್ಲಿ ಹಾದುಹೋಗುತ್ತದೆ. ವೇಗವೂ ಕಡಿಮೆ.

ಎರಡನೆಯದು ಕಾರ್ಬನ್ ಡೈಆಕ್ಸೈಡ್ ಲೇಸರ್. ಅನಿಲ ತುಂಬಿದ ಗಾಜಿನ ಟ್ಯೂಬಿನಿಂದ ಹೊರಡುವ 10,600 ನ್ಯಾನೋಮೀಟರ್‌ನ ಅವಕೆಂಪು ಕಿರಣವು ಕಣ್ಣಿಗೆ ಕಾಣುವುದಿಲ್ಲ. ಮರ, ಪ್ಲೈವುಡ್, ಎಂಡಿಎಫ್, ಎಲ್ಲ ಬಣ್ಣದ ಅಕ್ರಿಲಿಕ್, ಬಟ್ಟೆ, ಕಾಗದ, ಚರ್ಮ, ತೆಂಗಿನ ಚಿಪ್ಪು, ಮೊಹರಿನ ರಬ್ಬರ್ ಮುಂತಾದವುಗಳಿಗೆ ಇದು ಒಗ್ಗುತ್ತದೆ. ಗಾಜು ಮತ್ತು ಹೊಳಪು ಕೊಟ್ಟ ಕಪ್ಪು ಗ್ರಾನೈಟಿನ ಮೇಲ್ಮೈಯಲ್ಲಿಯೂ ಗುರುತು ಮೂಡಿಸುತ್ತದೆ. ಫಲಕ ಮತ್ತು ಕಾಣಿಕೆ ವಸ್ತುಗಳ ಉದ್ಯಮಕ್ಕೆ ಹೆಚ್ಚಾಗಿ ಬಳಕೆಯಾಗುವುದು ಇದೇ. ಬರಿಯ ಸ್ಟೀಲ್ ಅಥವಾ ಹಿತ್ತಾಳೆಯ ಮೇಲೆ, ವಿಶೇಷ ಲೇಪವಿಲ್ಲದೆ, ಇದು ಕೆತ್ತಲಾರದು. ಟ್ಯೂಬನ್ನು ತಂಪಾಗಿಡಲು ನೀರಿನ ಚಿಲ್ಲರ್ ಅಗತ್ಯ. ಟ್ಯೂಬಿಗೆ ಆಯಸ್ಸಿದೆ, ಅದು ತೀರಿದಾಗ ಹೊಸದನ್ನು ಕೊಳ್ಳಬೇಕು.

ಮೂರನೆಯದು ಫೈಬರ್ ಲೇಸರ್. 1,064 ನ್ಯಾನೋಮೀಟರ್‌ನ ಇದರ ಕಿರಣವೂ ಕಣ್ಣಿಗೆ ಕಾಣದು. ಸ್ಟೀಲ್, ಹಿತ್ತಾಳೆ, ಅಲ್ಯೂಮಿನಿಯಂ ಮೊದಲಾದ ಲೋಹಗಳ ಮೇಲೆ ಹೆಸರು, ಸಂಖ್ಯೆ ಮತ್ತು ಚಿಹ್ನೆಗಳನ್ನು ಅತಿ ವೇಗವಾಗಿ ಗುರುತು ಮಾಡುತ್ತದೆ. ಪಾತ್ರೆಗಳ ಮೇಲೆ ಹೆಸರು ಹಾಕುವುದಕ್ಕೆ, ಕೃಷಿ ಉಪಕರಣ ಮತ್ತು ಯಂತ್ರದ ಬಿಡಿಭಾಗಗಳಿಗೆ ಇದು ತಕ್ಕದ್ದು. ಮರದ ಕೆತ್ತನೆಗೆ ಮತ್ತು ಅಕ್ರಿಲಿಕ್ ಕತ್ತರಿಸುವುದಕ್ಕೆ ಇದು ಸೂಕ್ತವಲ್ಲ. ಬೆಳಕಿನ ಮೂಲಕ್ಕೆ ದೀರ್ಘ ಬಾಳಿಕೆಯಿದ್ದು, ನಿರ್ವಹಣೆಯ ವೆಚ್ಚ ಕಡಿಮೆ.

ಎಲ್ಲ ಕೆಲಸವನ್ನೂ ಮಾಡುವ ಒಂದೇ ಯಂತ್ರವಿದೆ ಎಂದು ಮಾರಾಟಗಾರರು ಹೇಳಿದರೆ ಅರ್ಜಿದಾರರು ತಮ್ಮ ವಸ್ತುವಿನ ತುಣುಕನ್ನು ಕೊಂಡೊಯ್ದು ಕಣ್ಣೆದುರೇ ಕೆತ್ತಿಸಿ ನೋಡುವುದು ಲೇಸು.

ವ್ಯಾಟ್ ಮತ್ತು ಅಳತೆಯ ವಿಚಾರ

ಡಯೋಡ್ ಯಂತ್ರಗಳ ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿ ಮುದ್ರಿತವಾಗುವ ವ್ಯಾಟ್ ಸಂಖ್ಯೆಯು ಕೆಲವೊಮ್ಮೆ ಯಂತ್ರವು ಬಳಸುವ ವಿದ್ಯುತ್ತನ್ನು ಸೂಚಿಸುತ್ತದೆಯೇ ಹೊರತು ಹೊರಹೊಮ್ಮುವ ಬೆಳಕಿನ ಶಕ್ತಿಯನ್ನಲ್ಲ. 40 ವ್ಯಾಟ್ ಎಂದು ಬರೆದ ಯಂತ್ರದ ಬೆಳಕಿನ ಶಕ್ತಿ 5 ಅಥವಾ 10 ವ್ಯಾಟ್ ಮಾತ್ರ ಇರಬಹುದು. ಆದ್ದರಿಂದ ಬೆಳಕಿನ ಶಕ್ತಿ ಎಷ್ಟು ಎಂಬುದನ್ನು ದರಪಟ್ಟಿಯಲ್ಲಿಯೇ ಬರೆಸಿಕೊಳ್ಳಬೇಕು.

ಯಂತ್ರದ ಹಾಸಿನ ಅಳತೆಯೂ ಮುಖ್ಯ. 300 ಮಿ.ಮೀ. ಉದ್ದ, 200 ಮಿ.ಮೀ. ಅಗಲದ ಹಾಸಿನಲ್ಲಿ ಮೊಹರು ಮತ್ತು ಕೀಲಿಗೊಂಚಲುಗಳನ್ನು ಮಾಡಬಹುದು. ಅಂಗಡಿಯ ಫಲಕವನ್ನು ಮಾಡಲಾಗದು. 600 × 400 ಅಥವಾ 900 × 600 ಮಿ.ಮೀ. ಹಾಸು ಸಣ್ಣ ಫಲಕಗಳ ಕೆಲಸಕ್ಕೆ ಅನುಕೂಲ. ಅಗತ್ಯಕ್ಕಿಂತ ದೊಡ್ಡ ಯಂತ್ರವನ್ನು ಕೊಂಡರೆ ಹಣವೂ ಸ್ಥಳವೂ ವ್ಯರ್ಥ. ಮನೆಯ ಬಾಗಿಲಿನ ಅಗಲವನ್ನು ಅಳೆಯದೆ ಯಂತ್ರವನ್ನು ತರಿಸಿಕೊಂಡು ಚೌಕಟ್ಟು ಬಿಚ್ಚಿಸಬೇಕಾದ ಸ್ಥಿತಿಯೂ ಬರಬಹುದು.

ಕನ್ನಡ ಅಕ್ಷರಗಳ ಕೆಲಸ

ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ (ತಿದ್ದುಪಡಿ) ಅಧಿನಿಯಮ, 2024ರ ಪ್ರಕಾರ ವಾಣಿಜ್ಯ ಸಂಸ್ಥೆಗಳ ನಾಮಫಲಕಗಳಲ್ಲಿ ಶೇ. 60ರಷ್ಟು ಕನ್ನಡವಿರತಕ್ಕದ್ದು. ಕನ್ನಡವನ್ನು ತಪ್ಪಿಲ್ಲದೆ, ಅಂದವಾಗಿ ಕೆತ್ತಬಲ್ಲವರಿಗೆ ಇದೊಂದು ಅವಕಾಶ. ಆದರೆ ಕನ್ನಡ ಲಿಪಿಯ ಕೆಲಸದಲ್ಲಿ ಕೆಲವು ತೊಡಕುಗಳಿವೆ.

ನುಡಿ ತಂತ್ರಾಂಶದ ಹಳೆಯ ಅಕ್ಷರವಿನ್ಯಾಸದಲ್ಲಿ ಬೆರಳಚ್ಚು ಮಾಡಿದ ಪಠ್ಯವನ್ನು ಯೂನಿಕೋಡ್ ಆಧಾರಿತ ತಂತ್ರಾಂಶದಲ್ಲಿ ತೆರೆದರೆ ಅಕ್ಷರಗಳು ಗುರುತು ಸಿಗದಂತೆ ಬದಲಾಗುತ್ತವೆ. ಕೆಲವು ಕೆತ್ತನೆ ತಂತ್ರಾಂಶಗಳಲ್ಲಿ ಒತ್ತಕ್ಷರಗಳು ತಮ್ಮ ಸ್ಥಾನ ಬಿಟ್ಟು ಪಕ್ಕಕ್ಕೆ ಸರಿಯುತ್ತವೆ. ಇದನ್ನು ತಪ್ಪಿಸಲು ಉಚಿತವಾಗಿ ದೊರೆಯುವ ಇಂಕ್‌ಸ್ಕೇಪ್‌ನಂತಹ ತಂತ್ರಾಂಶದಲ್ಲಿ ಪಠ್ಯವನ್ನು ಸಿದ್ಧಪಡಿಸಿ, ಅಕ್ಷರಗಳನ್ನು ರೇಖಾಚಿತ್ರವಾಗಿ ಪರಿವರ್ತಿಸಿದ ನಂತರವೇ ಯಂತ್ರಕ್ಕೆ ಕಳುಹಿಸಬೇಕು.

ಅಕ್ಷರಗಳನ್ನು ಕತ್ತರಿಸಿ ತೆಗೆಯುವ ಕೆಲಸದಲ್ಲಿ ಮತ್ತೊಂದು ಸಂಗತಿಯಿದೆ. ಒತ್ತಕ್ಷರವು ಮೂಲಾಕ್ಷರಕ್ಕೆ ತಾಗದೆ ಪ್ರತ್ಯೇಕವಾಗಿ ನಿಲ್ಲುವುದರಿಂದ ಕತ್ತರಿಸಿದಾಗ ಬೇರೆ ತುಂಡಾಗಿ ಬೀಳುತ್ತದೆ. ಅನುಸ್ವಾರದ ಒಳಗಿನ ವೃತ್ತವೂ ಹಾಗೆಯೇ. ಇವನ್ನು ಹಿಂಬದಿಯ ಹಾಳೆಗೆ ಅಂಟಿಸಬೇಕು ಅಥವಾ ಸಣ್ಣ ಸೇತುವೆಯಿಂದ ಜೋಡಿಸಬೇಕು. ಅರ್ಜಿದಾರರು ತರಬೇತಿಯಲ್ಲಿ ಕನ್ನಡದ ಒಂದು ಫಲಕವನ್ನಾದರೂ ಸ್ವತಃ ಮಾಡಿರುವರೇ ಎಂದು ಕೇಳುವುದು ಉಚಿತ.

ಕಣ್ಣು, ಹೊಗೆ ಮತ್ತು ಬೆಂಕಿ

ಲೇಸರ್ ಸುರಕ್ಷತೆಯ ಅಂತರರಾಷ್ಟ್ರೀಯ ಮಾನದಂಡವಾದ ಐಇಸಿ 60825-1ರ ಪ್ರಕಾರ, ಅರ್ಧ ವ್ಯಾಟಿಗಿಂತ ಹೆಚ್ಚಿನ ಶಕ್ತಿಯ ತೆರೆದ ಕಿರಣವು 4ನೇ ವರ್ಗಕ್ಕೆ, ಅಂದರೆ ಅತ್ಯಂತ ಅಪಾಯಕಾರಿ ವರ್ಗಕ್ಕೆ ಸೇರುತ್ತದೆ. ಕೆತ್ತನೆಗೆ ಬಳಸುವ ಸಣ್ಣ ಯಂತ್ರದ ಕಿರಣವೂ ಇದನ್ನು ಮೀರಿರುತ್ತದೆ. ನೀಲಿ ಮತ್ತು ಫೈಬರ್ ಲೇಸರ್‌ಗಳ ಕಿರಣ ನೇರವಾಗಿ ಅಥವಾ ಪ್ರತಿಫಲಿಸಿ ಕಣ್ಣಿಗೆ ಬಿದ್ದರೆ ಕ್ಷಣಮಾತ್ರದಲ್ಲಿ ಅಕ್ಷಿಪಟಲಕ್ಕೆ ಶಾಶ್ವತ ಹಾನಿಯಾಗಬಹುದು. ಕಾರ್ಬನ್ ಡೈಆಕ್ಸೈಡ್ ಲೇಸರ್ ಕಣ್ಣಿನ ಹೊರಪಾರದರ್ಶಕವನ್ನು ಸುಡುತ್ತದೆ.

ಸುತ್ತಲೂ ಮುಚ್ಚಿದ, ಮುಚ್ಚಳ ತೆರೆದ ಕೂಡಲೇ ಕಿರಣ ನಿಲ್ಲುವ ಯಂತ್ರವನ್ನೇ ಆರಿಸಬೇಕು. ತೆರೆದ ಚೌಕಟ್ಟಿನ ಅಗ್ಗದ ಯಂತ್ರವನ್ನು ಮಕ್ಕಳು ಓಡಾಡುವ ಮನೆಯಲ್ಲಿ ಇಡಲೇಬಾರದು. ಬಿಸಿಲಿನ ಕಪ್ಪು ಕನ್ನಡಕವಾಗಲಿ ವೆಲ್ಡಿಂಗ್ ಗಾಜಾಗಲಿ ರಕ್ಷಣೆಗೆ ಸಾಲದು. ಯಾವ ತರಂಗಾಂತರವನ್ನು ಎಷ್ಟರಮಟ್ಟಿಗೆ ತಡೆಯುತ್ತದೆ ಎಂಬುದನ್ನು ಮುದ್ರಿಸಿರುವ ಲೇಸರ್ ಕನ್ನಡಕವೇ ಆಗಬೇಕು. ಒಂದು ಬಗೆಯ ಯಂತ್ರದ ಕನ್ನಡಕವು ಇನ್ನೊಂದು ಬಗೆಗೆ ಉಪಯೋಗಕ್ಕೆ ಬಾರದು. ಪಾರದರ್ಶಕ ಅಕ್ರಿಲಿಕ್ ಮುಚ್ಚಳವು ಕಾರ್ಬನ್ ಡೈಆಕ್ಸೈಡ್ ಲೇಸರ್ ಕಿರಣವನ್ನು ತಡೆಯುತ್ತದೆ, ಆದರೆ ನೀಲಿ ಕಿರಣವನ್ನು ತಡೆಯುವುದಿಲ್ಲ.

ಹೊಗೆಯ ಅಪಾಯವು ಮೇಲ್ನೋಟಕ್ಕೆ ಗೋಚರಿಸುವುದಿಲ್ಲ. ಪಿವಿಸಿ ಇರುವ ಯಾವ ವಸ್ತುವನ್ನೂ ಲೇಸರ್ ಯಂತ್ರದಲ್ಲಿ ಇಡಬಾರದು. ಸುಟ್ಟಾಗ ಅದರಿಂದ ಹೈಡ್ರೋಜನ್ ಕ್ಲೋರೈಡ್ ಅನಿಲ ಹೊರಡುತ್ತದೆ; ಅದು ಶ್ವಾಸಕೋಶಕ್ಕೆ ಹಾನಿಕರ ಮತ್ತು ಯಂತ್ರದ ಕಬ್ಬಿಣದ ಭಾಗಗಳನ್ನು ತುಕ್ಕು ಹಿಡಿಸುತ್ತದೆ. ಪೇಟೆಯಲ್ಲಿ ಸುಲಭವಾಗಿ ಸಿಗುವ ರೆಕ್ಸಿನ್, ಫ್ಲೆಕ್ಸ್ ಬ್ಯಾನರ್ ಮತ್ತು ಫಲಕಗಳಿಗೆ ಬಳಸುವ ಫೋಮ್ ಹಾಳೆಗಳಲ್ಲಿ ಸಾಮಾನ್ಯವಾಗಿ ಪಿವಿಸಿಯೇ ಇರುತ್ತದೆ. ಚರ್ಮವೆಂದು ರೆಕ್ಸಿನ್ನನ್ನು, ಅಕ್ರಿಲಿಕ್ ಎಂದು ಪಿವಿಸಿ ಹಾಳೆಯನ್ನು ಗಿರಾಕಿಗಳು ತಂದುಕೊಡುವುದುಂಟು. ಏನೆಂದು ಖಚಿತವಾಗದ ವಸ್ತುವನ್ನು ನಿರಾಕರಿಸುವುದೇ ಸರಿ. ಎಂಡಿಎಫ್ ಮತ್ತು ಪ್ಲೈವುಡ್ಡಿನ ಅಂಟು ಸುಟ್ಟಾಗಲೂ ಹಾನಿಕರ ಆವಿ ಏಳುತ್ತದೆ. ಹೊಗೆಯನ್ನು ಫ್ಯಾನಿನಿಂದ ಸೆಳೆದು ಕೊಳವೆಯ ಮೂಲಕ ಚಾವಣಿಗಿಂತ ಮೇಲೆ ಬಿಡಬೇಕು. ನೆರೆಮನೆಯ ಕಿಟಕಿಗೆ ಎದುರಾಗಿ ಬಿಟ್ಟರೆ ದೂರು ಬರುವುದು ಪಂಚಾಯಿತಿಗೇ.

ಮರ ಮತ್ತು ಅಕ್ರಿಲಿಕ್ ಬೇಗ ಹೊತ್ತಿಕೊಳ್ಳುವ ವಸ್ತುಗಳು. ಯಂತ್ರವು ನಡೆಯುತ್ತಿರುವಾಗ ಅದನ್ನು ಬಿಟ್ಟು ಹೋಗಬಾರದು; ಅಡುಗೆ ನೋಡಿಕೊಂಡು ಬರುವಷ್ಟು ಹೊತ್ತೂ ಕೂಡದು. ಬೆಂಕಿ ನಂದಿಸುವ ಸಾಧನವು ಕೈಗೆಟಕುವಲ್ಲಿ ಇರಬೇಕು. ಹಾಸಿನ ಕೆಳಗೆ ಬಿದ್ದ ಚೂರುಗಳನ್ನು ಪ್ರತಿದಿನ ತೆಗೆಯಬೇಕು.

ವಿದ್ಯುತ್ತಿನ ವ್ಯವಸ್ಥೆ

ಗಾಜಿನ ಟ್ಯೂಬಿನ ಯಂತ್ರದೊಳಗೆ ಸಾವಿರಾರು ವೋಲ್ಟ್ ವಿದ್ಯುತ್ ಹರಿಯುತ್ತದೆ. ಸರಿಯಾದ ಭೂಸಂಪರ್ಕ, ಅಂದರೆ ಅರ್ಥಿಂಗ್, ಇಲ್ಲದ ಕಟ್ಟಡದಲ್ಲಿ ಇದನ್ನು ಚಾಲನೆ ಮಾಡುವುದು ಪ್ರಾಣಾಪಾಯಕ್ಕೆ ದಾರಿ. ಯಂತ್ರ ಬರುವ ಮೊದಲೇ ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದ ಪರೀಕ್ಷೆ ಮಾಡಿಸಬೇಕು. ವೋಲ್ಟೇಜ್ ಏರಿಳಿತವಿರುವ ಊರುಗಳಲ್ಲಿ ಸ್ಟೆಬಿಲೈಸರ್ ಬೇಕು. ನಡುವೆ ವಿದ್ಯುತ್ ಕೈಕೊಟ್ಟರೆ ಕೆತ್ತುತ್ತಿದ್ದ ವಸ್ತು ಕೆಡುವ ಸಂಭವವಿದೆ. ಚಿಲ್ಲರಿನ ನೀರು ನಿಂತಾಗ ಯಂತ್ರವು ತಾನಾಗಿ ನಿಲ್ಲುವ ಏರ್ಪಾಡು ಇಲ್ಲದಿದ್ದರೆ ಟ್ಯೂಬು ಒಡೆಯಬಹುದು. ಚಿಲ್ಲರಿಗೆ ಕೊಳವೆಬಾವಿಯ ಗಡಸು ನೀರನ್ನು ಬಳಸದೆ ಶುದ್ಧೀಕರಿಸಿದ ಬಟ್ಟಿ ನೀರನ್ನು ಬಳಸಬೇಕು.

ಗೃಹಜ್ಯೋತಿ ಯೋಜನೆಯು ಗೃಹಬಳಕೆಯ ಸಂಪರ್ಕಕ್ಕೆ ಮಾತ್ರ ಅನ್ವಯ. ಉದ್ಯಮಕ್ಕೆ ತಕ್ಕ ವರ್ಗದ ಸಂಪರ್ಕವನ್ನು ಪಡೆಯುವಂತೆ ಅರ್ಜಿದಾರರಿಗೆ ಆರಂಭದಲ್ಲಿಯೇ ತಿಳಿಸಿದರೆ ಮುಂದೆ ದಂಡದ ಹೊರೆ ತಪ್ಪುತ್ತದೆ.

ಆದಾಯದ ಲೆಕ್ಕ

ಯಂತ್ರದ ಬೆಲೆಗಿಂತ ಅದು ತಿಂಗಳಿಗೆ ಎಷ್ಟು ಗಂಟೆ ನಡೆಯುತ್ತದೆ ಎಂಬುದೇ ಉದ್ಯಮದ ಅಳಿವು ಉಳಿವನ್ನು ನಿರ್ಧರಿಸುತ್ತದೆ. ತಿಳಿವಳಿಕೆಗಾಗಿ ಒಂದು ಕಲ್ಪಿತ ಲೆಕ್ಕವನ್ನು ನೋಡಬಹುದು. 3 ಲಕ್ಷ ರೂ. ಸಾಲವನ್ನು ಶೇ. 11ರ ಬಡ್ಡಿಯಲ್ಲಿ 5 ವರ್ಷಕ್ಕೆ ಪಡೆದರೆ ಮಾಸಿಕ ಕಂತು ಸುಮಾರು 6,520 ರೂ. ಆಗುತ್ತದೆ. ಕೋಣೆಯ ಬಾಡಿಗೆ 2,000 ರೂ., ನಡೆಸುವವರ ಸಂಬಳ 12,000 ರೂ. ಎಂದಿಟ್ಟುಕೊಂಡರೆ, ಯಂತ್ರ ನಡೆಯಲಿ ಬಿಡಲಿ, ತಿಂಗಳಿಗೆ 20,520 ರೂ. ವೆಚ್ಚ ಇದ್ದೇ ಇರುತ್ತದೆ. ವಿದ್ಯುತ್, ಟ್ಯೂಬಿನ ಸವಕಳಿ, ಮಸೂರ ಇತ್ಯಾದಿಗೆ ಗಂಟೆಗೆ 30 ರೂ. ಎಂದು ಹಿಡಿಯಬಹುದು.

ತಿಂಗಳಿಗೆ 100 ಗಂಟೆ ಕೆಲಸ ಸಿಕ್ಕಿದರೆ ಒಟ್ಟು ವೆಚ್ಚ 23,520 ರೂ., ಅಂದರೆ ಗಂಟೆಗೆ ಸುಮಾರು 235 ರೂ. ಕೇವಲ 40 ಗಂಟೆ ಸಿಕ್ಕಿದರೆ ಒಟ್ಟು 21,720 ರೂ., ಗಂಟೆಗೆ 543 ರೂ. ಇಪ್ಪತ್ತು ನಿಮಿಷ ಹಿಡಿಯುವ ಒಂದು ಫಲಕಕ್ಕೆ ಮೊದಲ ಸಂದರ್ಭದಲ್ಲಿ 78 ರೂ., ಎರಡನೆಯದರಲ್ಲಿ 181 ರೂ. ಯಂತ್ರದ ವೆಚ್ಚ ತಗಲುತ್ತದೆ. ಕಚ್ಚಾವಸ್ತುವಿನ ಬೆಲೆ ಬೇರೆ. ಪಕ್ಕದ ಪಟ್ಟಣದ ದರಕ್ಕೆ ಸರಿಸಾಟಿಯಾಗಿ ಮಾರಬೇಕಾದವರಿಗೆ ಈ ಅಂತರವೇ ಲಾಭ ಮತ್ತು ನಷ್ಟದ ನಡುವಿನ ಗೆರೆ.

ಸಂಬಳವನ್ನು ಲೆಕ್ಕದಿಂದ ಬಿಡುವುದು ಸಾಮಾನ್ಯ ತಪ್ಪು. ಮನೆಯ ಹೆಣ್ಣುಮಗಳೇ ಯಂತ್ರ ನಡೆಸಿದರೂ ಅವಳ ದುಡಿಮೆಗೆ ಬೆಲೆ ಕಟ್ಟಬೇಕು. ಟ್ಯೂಬಿನ ಬದಲಿಗಾಗಿ ಪ್ರತಿ ತಿಂಗಳೂ ಸ್ವಲ್ಪ ಹಣವನ್ನು ಪ್ರತ್ಯೇಕವಾಗಿ ಇಡದವರು ಟ್ಯೂಬು ಸುಟ್ಟ ದಿನ ಕೈಸಾಲಕ್ಕೆ ಓಡಬೇಕಾಗುತ್ತದೆ.

ಆರಂಭದಲ್ಲಿ ಸಾಲವನ್ನೇ ಮಾಡದೆ, ಪಟ್ಟಣದಲ್ಲಿ ಯಂತ್ರವಿರುವವರಿಂದ ಕೂಲಿಗೆ ಕೆತ್ತಿಸಿ ತಂದು ಮಾರುವ ಮಾರ್ಗವೂ ಇದೆ. ಮೂರು ನಾಲ್ಕು ತಿಂಗಳು ಹೀಗೆ ನಡೆಸಿದರೆ ಬೇಡಿಕೆ ಎಷ್ಟು, ಯಾವ ವಸ್ತುವಿಗೆ ಎಂಬುದು ಸ್ಪಷ್ಟವಾಗುತ್ತದೆ. ಬ್ಯಾಂಕಿಗೆ ತೋರಿಸಲು ಲೆಕ್ಕವೂ ಸಿದ್ಧವಾಗಿರುತ್ತದೆ.

ಸಾಲ ಮತ್ತು ಸಹಾಯಧನ

ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದ 2022ರ ಪರಿಷ್ಕೃತ ಮಾರ್ಗಸೂಚಿಯಂತೆ ಗ್ರಾಮೀಣ ಪ್ರದೇಶದಲ್ಲಿ ಸಾಮಾನ್ಯ ವರ್ಗಕ್ಕೆ ಯೋಜನಾ ವೆಚ್ಚದ ಶೇ. 25, ಮಹಿಳೆಯರು ಹಾಗೂ ಪರಿಶಿಷ್ಟರು ಸೇರಿದಂತೆ ವಿಶೇಷ ವರ್ಗಕ್ಕೆ ಶೇ. 35 ಸಹಾಯಧನ ನಿಗದಿಯಾಗಿದೆ. ಈ ಹಣ ಕೈಗೆ ಸಿಗುವುದಿಲ್ಲ. ಮೂರು ವರ್ಷ ಬ್ಯಾಂಕಿನಲ್ಲಿ ಠೇವಣಿಯಾಗಿದ್ದು, ಘಟಕದ ಸ್ಥಳ ಪರಿಶೀಲನೆಯ ನಂತರ ಸಾಲಕ್ಕೆ ಹೊಂದಾಣಿಕೆಯಾಗುತ್ತದೆ. ಸಹಾಯಧನವನ್ನೇ ನೆಚ್ಚಿ ಯಂತ್ರ ಕೊಳ್ಳುವವರಿಗೆ ಈ ಅಂಶವನ್ನು ವಿವರಿಸಬೇಕು. ಮುದ್ರಾ ಯೋಜನೆಯಲ್ಲಿ ಶಿಶು ವಿಭಾಗದಲ್ಲಿ 50,000 ರೂ.ವರೆಗೆ, ಕಿಶೋರ ವಿಭಾಗದಲ್ಲಿ 5 ಲಕ್ಷ ರೂ.ವರೆಗೆ ಸಾಲಕ್ಕೆ ಅವಕಾಶವಿದೆ.

2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಅರ್ಜಿಯ ಮೊದಲ ಹಂತದ ಪರಿಶೀಲನೆ ನಡೆಯುವುದು ಗ್ರಾಮ ಪಂಚಾಯಿತಿಯಲ್ಲಿಯೇ. ಯೋಜನೆಯ 18 ಸಾಂಪ್ರದಾಯಿಕ ವೃತ್ತಿಗಳಲ್ಲಿ ಬಡಗಿ, ಶಿಲ್ಪಿ, ಗೊಂಬೆ ಮತ್ತು ಆಟಿಕೆ ತಯಾರಕರು ಸೇರಿದ್ದಾರೆ. ಲೇಸರ್ ಕೆತ್ತನೆಯು ಪ್ರತ್ಯೇಕ ವೃತ್ತಿಯಾಗಿ ಸೇರಿಲ್ಲ. ವೃತ್ತಿಯಲ್ಲಿ ನಿಜವಾಗಿ ತೊಡಗಿರುವವರು ಯಾರು ಎಂಬುದನ್ನು ಬಲ್ಲವರು ಊರಿನ ಸದಸ್ಯರೇ. ಯಂತ್ರಕ್ಕಾಗಿ ಬಡಗಿಯಾದವರನ್ನು ದೃಢೀಕರಿಸಿದರೆ ಉಳಿ ಹಿಡಿದು ಬದುಕುವ ಬಡಗಿಗೆ ಅನ್ಯಾಯವಾಗುತ್ತದೆ.

ಚನ್ನಪಟ್ಟಣದ ಆಟಿಕೆಯಂತಹ ಭೌಗೋಳಿಕ ಸೂಚಿಕೆ ಪಡೆದ ಕರಕುಶಲ ವಸ್ತುಗಳಲ್ಲಿ ಹೆಸರು ಅಥವಾ ಗುರುತು ಹಾಕಲು ಯಂತ್ರವು ನೆರವಾಗಬಹುದು. ಆದರೆ ಅರಗು ಶಾಖಕ್ಕೆ ಕರಗುವ ವಸ್ತುವಾದ್ದರಿಂದ ಬಣ್ಣ ಹಚ್ಚಿದ ಮೇಲೆ ಕೆತ್ತುವ ಮುನ್ನ ಪರೀಕ್ಷೆ ಅಗತ್ಯ. ಯಂತ್ರದಲ್ಲಿ ಕೆತ್ತಿದ್ದನ್ನು ಕೈಕೆತ್ತನೆಯೆಂದು ಮಾರುವುದು ಗಿರಾಕಿಗೂ ಕುಶಲಕರ್ಮಿಗೂ ಬಗೆಯುವ ದ್ರೋಹ.

ಪಂಚಾಯಿತಿಯ ಹೊಣೆ

ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ 66ನೇ ಪ್ರಕರಣದ ಮೇರೆಗೆ, ನಿಯಮಗಳಿಂದ ವಿನಾಯಿತಿ ಪಡೆದವುಗಳ ಹೊರತು, ವಿದ್ಯುತ್ ಶಕ್ತಿಯಿಂದ ನಡೆಯುವ ಕಾರ್ಯಾಗಾರ ಅಥವಾ ಯಂತ್ರದ ಸ್ಥಾಪನೆಗೆ ಗ್ರಾಮ ಪಂಚಾಯಿತಿಯ ಅನುಮತಿ ಬೇಕು. ಹೊಗೆಯ ಕೊಳವೆ, ಅರ್ಥಿಂಗ್ ಮತ್ತು ಬೆಂಕಿ ನಂದಿಸುವ ಸಾಧನಗಳ ಬಗ್ಗೆ ಅನುಮತಿಯ ಹಂತದಲ್ಲಿಯೇ ವಿಚಾರಿಸುವುದು ಸೂಕ್ತ. ಅನುಮತಿಯನ್ನು ಕಾರಣವಿಲ್ಲದೆ ತಡೆಹಿಡಿಯುವುದೂ ಸರಿಯಲ್ಲ.

ಪಂಚಾಯಿತಿಯ ಫಲಕಗಳ ಕೆಲಸವನ್ನು ಕೊಡಿಸುವುದಾಗಿ ಸದಸ್ಯರು ಯಾರಿಗೂ ಮಾತು ಕೊಡಬಾರದು. ಖರೀದಿಗಳು ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999ಕ್ಕೆ ಒಳಪಟ್ಟಿವೆ. ಪಂಚಾಯಿತಿಯ ಕೆಲಸ ಅಥವಾ ಗುತ್ತಿಗೆಯಲ್ಲಿ ನೇರವಾಗಿಯೋ ಪರೋಕ್ಷವಾಗಿಯೋ ಹಿತಾಸಕ್ತಿ ಹೊಂದುವುದು 12ನೇ ಪ್ರಕರಣದಡಿ ಸದಸ್ಯತ್ವದ ಅನರ್ಹತೆಗೆ ಕಾರಣವಾಗುತ್ತದೆ.

ಮೊಹರಿನ ಕೆಲಸದಲ್ಲಿ ವಿಶೇಷ ಎಚ್ಚರ ಅಗತ್ಯ. ಈ ಯಂತ್ರದಲ್ಲಿ ಯಾವ ಕಚೇರಿಯ ಮೊಹರನ್ನಾದರೂ ಕೆಲವೇ ನಿಮಿಷಗಳಲ್ಲಿ ಮಾಡಬಹುದು. ಸಂಬಂಧಿತ ಕಚೇರಿಯ ಲಿಖಿತ ಪತ್ರವಿಲ್ಲದೆ ಸರ್ಕಾರಿ ಮೊಹರನ್ನು ಕೆತ್ತಿದ ಅಂಗಡಿಯವರು ನಕಲಿ ದಾಖಲೆಯ ಪ್ರಕರಣದಲ್ಲಿ ಸಿಲುಕಬಹುದು. ಆರ್ಡರ್ ಕೊಟ್ಟವರ ಹೆಸರು, ಪತ್ರದ ಸಂಖ್ಯೆ ಮತ್ತು ದಿನಾಂಕವನ್ನು ವಹಿಯಲ್ಲಿ ಬರೆದಿಡುವಂತೆ ಸೂಚಿಸಬೇಕು. ರಾಷ್ಟ್ರ ಲಾಂಛನದ ದುರ್ಬಳಕೆಯನ್ನು 2005ರ ಕಾಯ್ದೆ ನಿಷೇಧಿಸಿದೆ.

ಅರ್ಜಿದಾರರಿಗೆ ಕೇಳಬೇಕಾದ ಪ್ರಶ್ನೆಗಳು

1. ಯಾವ ವಸ್ತುವಿನ ಮೇಲೆ ಕೆತ್ತನೆ? ಆ ವಸ್ತುವನ್ನು ಇದೇ ಯಂತ್ರದಲ್ಲಿ ಕೆತ್ತಿಸಿ ನೋಡಲಾಗಿದೆಯೇ?

2. ಮೊದಲ ಆರು ತಿಂಗಳ ಗಿರಾಕಿಗಳು ಯಾರು? ತಿಂಗಳಿಗೆ ಎಷ್ಟು ಗಂಟೆಯ ಕೆಲಸ?

3. ಬೆಳಕಿನ ಶಕ್ತಿ, ಹಾಸಿನ ಅಳತೆ, ಖಾತರಿಯ ಅವಧಿ ದರಪಟ್ಟಿಯಲ್ಲಿ ಬರೆದಿವೆಯೇ? ಟ್ಯೂಬು ಖಾತರಿಯೊಳಗೆ ಸೇರಿದೆಯೇ?

4. ಯಂತ್ರ ಕೆಟ್ಟರೆ ದುರಸ್ತಿಗೆ ಬರುವವರು ಎಷ್ಟು ದೂರದಲ್ಲಿದ್ದಾರೆ? ಬಿಡಿಭಾಗ ಎಲ್ಲಿ ದೊರೆಯುತ್ತದೆ?

5. ಯಂತ್ರವು ಮುಚ್ಚಿದ ಬಗೆಯದೇ? ಕನ್ನಡಕ, ಹೊಗೆ ಕೊಳವೆ, ಅರ್ಥಿಂಗ್, ಬೆಂಕಿ ನಂದಿಸುವ ಸಾಧನ ಸಿದ್ಧವಿವೆಯೇ?

6. ಯಂತ್ರ ನಡೆಸುವವರು ತರಬೇತಿ ಪಡೆದಿದ್ದಾರೆಯೇ? ಅವರು ಇಲ್ಲದ ದಿನ ನಡೆಸಲು ಮತ್ತೊಬ್ಬರು ಇದ್ದಾರೆಯೇ?

7. ಎರಡು ತಿಂಗಳು ಕೆಲಸ ಸಿಗದಿದ್ದರೆ ಕಂತು ಕಟ್ಟುವ ದಾರಿ ಯಾವುದು?

ಈ ಏಳು ಪ್ರಶ್ನೆಗಳಿಗೆ ನೆಟ್ಟಗೆ ಉತ್ತರಿಸಬಲ್ಲವರಿಗೆ ಪಂಚಾಯಿತಿಯು ತ್ವರಿತವಾಗಿ ನೆರವಾಗುವುದು ಕರ್ತವ್ಯ. ಉತ್ತರಿಸಲಾಗದವರನ್ನು ಮರಳಿ ಕಳುಹಿಸುವುದು ಅವರ ಉತ್ಸಾಹವನ್ನು ಕುಗ್ಗಿಸಲಿಕ್ಕಲ್ಲ. ಉತ್ತರ ಕಂಡುಕೊಂಡು ಬರಲಿ ಎಂಬುದಕ್ಕೆ. ಯೋಜನಾ ವರದಿಯ ತಯಾರಿಕೆಗೆ ಜಿಲ್ಲಾ ಕೈಗಾರಿಕಾ ಕೇಂದ್ರವನ್ನು, ಸ್ವಸಹಾಯ ಸಂಘದ ಸದಸ್ಯೆಯರಾದರೆ ಸಂಜೀವಿನಿ ಒಕ್ಕೂಟವನ್ನು ಸಂಪರ್ಕಿಸುವಂತೆ ಅವರಿಗೆ ತಿಳಿಸಬಹುದು. ಸಾಲದ ಕಾಗದಕ್ಕೆ ಸಹಿ ಬೀಳುವ ಮುನ್ನ ಕೇಳಿದ ಒಂದು ಪ್ರಶ್ನೆಯು, ಸಹಿಯಾದ ಮೇಲೆ ನೀಡುವ ನೂರು ಸಲಹೆಗಳಿಗಿಂತ ಒಂದು ಕುಟುಂಬಕ್ಕೆ ಹೆಚ್ಚು ಉಪಕಾರಿ.